ಹವಾಲ್ದಾರನ ಖಾನಾವಳಿಯ ಹುಳಿ ಸಾರು

ಹವಾಲ್ದಾರನ ಖಾನಾವಳಿಯಲ್ಲಿ ಉಂಡವರು ವಾಂತಿ ಮಾಡಿಕೊಂಡರು ಎಂಬ ಸುದ್ದಿ ನನ್ನ ಕಚೇರಿಗೆ ಬಂದು ಮುಟ್ಟುವಷ್ಟರಲ್ಲಿ, ಊರ ನಡುವಿನ ಚೌಬಾರಾದ ಸುತ್ತಮುತ್ತ ಅದರ ಕಾರಣವೂ ತೀರ್ಮಾನವಾಗಿ ಹೋಗಿತ್ತು. ನಾಯಿ ಮಾಂಸ. ಸುದ್ದಿ ತಂದವನು ಖಾನಾವಳಿಯ ಎದುರಿಗೇ ಚಹಾದ ಅಂಗಡಿ ಇಟ್ಟವನು.

"ನಮ್ಮ ಓಣ್ಯಾಗ ನಾಯಿ ಕಡಿಮಿ ಆಗ್ಯಾವ್ರಿ ದರೋಗಾ ಸಾಹೇಬ್ರ," ಅಂದ. "ನಾ ಯಾರ ಹೆಸರೂ ಹೇಳಂಗಿಲ್ಲ. ನಾಯಿ ಕಡಿಮಿ ಆಗ್ಯಾವ, ಅಷ್ಟ ಹೇಳ್ತೇನಿ."

ನಾನು ಕಂಡಂತೆ ಆ ಓಣಿಯಲ್ಲಿ ನಾಯಿಗಳು ಹೆಚ್ಚಾಗಿದ್ದವು. ಖಾನಾವಳಿಯ ಹಿತ್ತಲಿಗೆ ಎಲುಬು ಬೀಳುತ್ತವೆಂದು ಪಕ್ಕದ ಓಣಿಯ ನಾಯಿಗಳೂ ಬಂದು ಅಲ್ಲೇ ಬಿದ್ದುಕೊಂಡಿರುತ್ತಿದ್ದವು. ಆದರೆ ಅದನ್ನು ನಾನು ಅವನಿಗೆ ಹೇಳಲಿಲ್ಲ. ನನ್ನ ಕೆಲಸದಲ್ಲಿ ದೂರು ತಂದವನ ಮೇಲೂ ಒಂದು ಕಣ್ಣಿಡಬೇಕಾಗುತ್ತದೆ. ಹವಾಲ್ದಾರ ಬಾಗಿಲು ತೆರೆದ ಮೇಲೆ ಇವನ ಬೆಂಚು ಮಧ್ಯಾಹ್ನದ ಹೊತ್ತು ಖಾಲಿ ಬೀಳುತ್ತಿದ್ದುದು ನನಗೆ ಗೊತ್ತಿತ್ತು.

ನಮ್ಮ ಬೀದರ ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸದು. ಹಳೆಯ ಜಿಲ್ಲೆಯ ಕೆಲವು ತಾಲೂಕುಗಳು ಆ ಕಡೆ, ಕೆಲವು ಈ ಕಡೆ ಹೋಗಿ, ಭಾಲ್ಕಿ, ಔರಾದ ಇವೆಲ್ಲ ನಮ್ಮ ಜೊತೆ ಉಳಿದಿದ್ದವು. ನಾನು ಪುರಸಭೆಯ ಸಫಾಯಿ ದರೋಗಾ. ಹೊಸ ಸರಕಾರದಲ್ಲಿ ಹುದ್ದೆಯ ಹೆಸರು ಆರೋಗ್ಯ ನಿರೀಕ್ಷಕ ಎಂದಾಯಿತು, ಜನರ ಬಾಯಲ್ಲಿ ಮಾತ್ರ ದರೋಗಾನೇ ಉಳಿದೆ. ಅಲ್ಲಿಯವರೆಗೆ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಮೈಸೂರು ಕಡೆಯಿಂದ ಬಂದ ಹೊಸ ಆರೋಗ್ಯಾಧಿಕಾರಿ ಸಾಹೇಬರಿಗೆ ಕನ್ನಡದಲ್ಲೇ ವರದಿ ಬೇಕು. ನನ್ನ ಕನ್ನಡ ಅಜ್ಜಿಯಿಂದ, ಸೋದರಮಾವಂದಿರಿಂದ ಕಲಿತದ್ದು. ವರದಿ ಬರೆಯುವ ಕನ್ನಡ ಅವರಿಗೂ ಬರುತ್ತಿರಲಿಲ್ಲ.

ಇನ್ನು ಹವಾಲ್ದಾರ. ಔರಾದ ತಾಲೂಕಿನ ಸಂತಪುರದವನು, ಫೌಜಿನಲ್ಲಿ ಲಾರಿ ಓಡಿಸುತ್ತಿದ್ದವನು. ದೊಡ್ಡ ಲಡಾಯಿ ಮುಗಿದ ಮೇಲೆ ಅವನ ಪಲ್ಟಣವನ್ನು ಸೈಗಾನ್ ಶಹರಕ್ಕೆ ಒಯ್ದಿದ್ದರಂತೆ. ಅಲ್ಲಿಂದ ಹೆಂಡತಿಯನ್ನು ಕರೆದುಕೊಂಡು ಬಂದ. ಹೊಸ ಕಚೇರಿಗಳು ಬಂದು ಬೀದರಕ್ಕೆ ಓಡಾಡುವ ಜನ ಹೆಚ್ಚಾಗುತ್ತಲೇ ಊರಿಂದ ತಾಯಿಯನ್ನೂ ಕರೆತಂದು ಖಾನಾವಳಿ ಇಟ್ಟ. ತಾಯಿ ಮುಂದೆ ರೊಕ್ಕದ ಗಲ್ಲೆಯ ಮೇಲೆ ಕೂಡುವಳು, ಅವನು ಬಡಿಸುವನು, ಹೆಂಡತಿ ಒಳಗೆ ಅಡಿಗೆ ಮಾಡುವಳು. ಊರು ಅವಳನ್ನು ಚೀನಿಬಾಯಿ ಎಂದು ಕರೆಯಿತು. "ಚೀನ ಅಲ್ಲರಿ, ವಿಯೆಟ್ನಾಂ," ಎಂದು ಅವನು ಮೊದಮೊದಲು ತಿದ್ದುತ್ತಿದ್ದ, ಆಮೇಲೆ ಬಿಟ್ಟ.

ಅಲ್ಲಿ ಮುಖ್ಯವಾಗಿ ಸಿಗುತ್ತಿದ್ದುದು ಎರಡು. ಒಂದು, ಎಲುಬಿನ ಸಾರಿನಲ್ಲಿ ಅಕ್ಕಿಯ ಶ್ಯಾವಿಗೆ. ಅಕ್ಕಿಹಿಟ್ಟನ್ನು ತೆಳ್ಳಗೆ ಕಲಸಿ, ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಹೊಯ್ದು, ಹಬೆಯಲ್ಲಿ ಬೇಯಿಸಿ, ಹಾಳೆಯಂತೆ ಎತ್ತಿ ಕೊಯ್ಯುತ್ತಿದ್ದಳು. ಇನ್ನೊಂದು ಹುಳಿ ಸಾರು: ಹುಣಸೆಹಣ್ಣು, ಟೊಮೆಟೊ, ಬೆಂಡಿಕಾಯಿ. ಮಾಂಜ್ರಾ ನದಿಯ ಮೀನನ್ನು ಬೇರೆ ಹುರಿದು ತಾಟಿನಲ್ಲಿ ಸಾರಿನೊಳಗೆ ಇಡುವರು. ಎರಡಕ್ಕೂ ಮೇಲಿಂದ ಒಂದು ಬಾಟಲಿಯ ಕಂದು ನೀರನ್ನು ಚಮಚದಷ್ಟು ಹನಿಸುವರು. ನಮ್ಮ ಜನ ಜೋಳದ ರೊಟ್ಟಿ ಮುರಿದು ಅದರಲ್ಲಿ ನೆನೆಸಿ ಉಣ್ಣುತ್ತಿದ್ದರು. ನಾನು ಉಂಡಿರಲಿಲ್ಲ. ದರೋಗಾ ಆದವನು ಊರಿನ ಖಾನಾವಳಿಯಲ್ಲಿ ಕೂತರೆ ಪುಕ್ಕಟೆ ಉಂಡ ಅನ್ನುತ್ತಾರೆ.

ಅವತ್ತು ನಾನು ಸೀಸೆ, ಅರಗು, ದಾರ ತೆಗೆದುಕೊಂಡು ಹೋದೆ. ಹವಾಲ್ದಾರ ನನ್ನನ್ನು ಕಂಡವನೇ ಅಡಿಗೆಮನೆಯ ಬಾಗಿಲಿಗೆ ಅಡ್ಡ ನಿಂತ. ಹಣೆಯಲ್ಲಿ ಬೆವರು. ಮಾಂಸ ತೋರಿಸು ಅಂದೆ. ತಂದು ತೋರಿಸಿದ, ಆಡಿನ ತೊಡೆ, ಮೇಲೆ ಕಸಾಯಿಖಾನೆಯ ಮುದ್ರೆ ಸರಿಯಾಗಿತ್ತು. ಮತ್ತೆ ಈ ಮನುಷ್ಯ ಯಾಕೆ ಬೆವರುತ್ತಾನೆ? ಮುದ್ರೆ ಇಲ್ಲದ್ದು ಇನ್ನೆಲ್ಲೋ ಇರಬೇಕು ಎಂದುಕೊಂಡು ಹಿತ್ತಲಿಗೆ ನಡೆದೆ.

ಹಿತ್ತಲಲ್ಲಿ ಬಿಸಿಲಿಗೆ ಒಂದು ದೊಡ್ಡ ಮಣ್ಣಿನ ರಾಂಜಣ ಇತ್ತು. ಬಾಯಿಗೆ ಬಟ್ಟೆ, ಬಟ್ಟೆಯ ಮೇಲೆ ಕಲ್ಲು. ಕಲ್ಲು ಸರಿಸಿದೆ. ಬಂದ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದೆ.

"ಏನಪಾ ಇದು?"

"ಮೀನು ಮತ್ತ ಉಪ್ಪು ರೀ."

"ಯಾವಾಗಿಂದು?"

"ಹ್ವಾದ ಮಳಿಗಾಲದ್ದು ರೀ. ಸೋಸಿ ಬಾಟ್ಲಿಗಿ ತುಂಬತಾಳ."

ವರ್ಷವಿಡೀ ಕೊಳೆತ ಮೀನಿನ ನೀರನ್ನು ಊರಿಗೆ ಉಣಿಸುತ್ತಿದ್ದಾರೆ. ನನ್ನ ಮಟ್ಟಿಗೆ ಹುಡುಕುವುದು ಅಲ್ಲಿಗೇ ಮುಗಿಯಿತು. ಕಾಯಿದೆಯಂತೆ ಮೂರು ಸೀಸೆಗಳಲ್ಲಿ ತುಂಬಿ, ಬಿರಡೆ ಒತ್ತಿ, ದಾರ ಸುತ್ತಿ, ಅರಗು ಹಚ್ಚಿದೆ. ಒಂದು ಮಾಲಕರಿಗೆ ಕೊಡಬೇಕು. ಅಡಿಗೆಮನೆಯಿಂದ ಅವಳು ಹೊರಗೆ ಬಂದಿದ್ದಳು. ಸಣ್ಣ ಆಳು, ತಲೆಗೆ ಅತ್ತೆಯ ಹಾಗೆಯೇ ಸೆರಗು. ಅಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ, ಕೈಗಳನ್ನೇ ನೋಡುತ್ತಿದ್ದಳು. ತನ್ನ ಪಾಲಿನ ಸೀಸೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಅಲುಗಿಸಿದಳು.

"ನೀವು ಏನರ ಹಾಕಿದ್ರೇನು?" ಅಂದಳು.

ಅವಳ ಕನ್ನಡವೆಲ್ಲ ಅತ್ತೆಯಿಂದ ಕಲಿತದ್ದು, ಹಾಗಾಗಿ ಸಿಟ್ಟೂ ಅತ್ತೆಯದೇ. ನನ್ನ ಅರಗಿನ ಮೇಲೆ ಇನ್ನೊಂದು ಸುತ್ತು ತನ್ನ ಕೆಂಪು ದಾರ ಬಿಗಿದು ಒಳಗೆ ಒಯ್ದಳು. ಮುಂದೆ ಗಲ್ಲೆಯ ಮೇಲಿಂದ ಮುದುಕಿ ಕೂಗಿದಳು: "ಒಯ್ಯಿ ತಮ್ಮಾ, ಒಯ್ಯಿ. ರೊಕ್ಕ ಕೊಡದಂಗ ಒಯ್ಯಾಂವ ನೀ ಮೊದಲಿನಾಂವ ಅಲ್ಲ."

ಸಾಹೇಬರು ನಾನು ಹೇಳಿದ್ದನ್ನೆಲ್ಲ ಕೇಳಿ, "ಸದ್ಯಕ್ಕೆ ಅಡಿಗೆ ನಿಲ್ಲಿಸಿ," ಅಂದರು. "ಬರೋ ಸೋಮವಾರದೊಳಗೆ ಕಾರಣ ಗೊತ್ತಾಗ್ಬೇಕು. ಆಗ್ಲಿಲ್ಲ ಅಂದ್ರೆ ಆ ಜಾಡಿ ಒಡೆಸಿ, ಬಾಗಿಲಿಗೆ ಸೀಲ್ ಹಾಕಿ, ಲೈಸೆನ್ಸ್ ರದ್ದು ಮಾಡ್ಬಿಡೋಣ. ಊಟ ಹಾಕೋ ಜಾಗದಲ್ಲಿ ಅನುಮಾನ ಇಟ್ಕೊಂಡು ಕೂರೋಕಾಗಲ್ಲ."

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಆದರೂ ಆಗ ಅವರ ಮೇಲೂ ನನಗೆ ವಿಶ್ವಾಸ ಹುಟ್ಟಲಿಲ್ಲ. ಹೊಸದಾಗಿ ಬಂದ ಸಾಹೇಬ, ಊರಿಗೆ ತನ್ನ ಗತ್ತು ತೋರಿಸಲು ಒಂದು ಬಾಗಿಲು ಹುಡುಕುತ್ತಿದ್ದಾನೆ, ಹೊರಗಿನ ಹೆಣ್ಣುಮಗಳ ಬಾಗಿಲು ಸಿಕ್ಕಿತು ಎಂದುಕೊಂಡೆ. ಅವರಿಗೆ ನನ್ನ ಮೇಲೆ ಏನು ಅನಿಸುತ್ತಿತ್ತೋ. ಲಂಚ ತಿಂದು ತಡ ಮಾಡುತ್ತಾನೆ ಎಂದಿದ್ದರೂ ಇರಬಹುದು.

ಸೀಸೆಗಳನ್ನು ಮೊದಲಾದರೆ ಹೈದರಾಬಾದಿಗೆ ಕಳಿಸುತ್ತಿದ್ದೆವು. ಈಗ ನಾವು ಅಲ್ಲಿಯವರಲ್ಲ. ಬೆಂಗಳೂರಿಗೆ ಕಳಿಸಬೇಕು, ಆದರೆ ಯಾವ ವಿಳಾಸಕ್ಕೆ ಎಂಬ ಹುಕುಂ ಇನ್ನೂ ಬಂದಿರಲಿಲ್ಲ. ಎರಡು ಸೀಸೆಗಳನ್ನು ಕಚೇರಿಯ ಕಪಾಟಿನಲ್ಲಿ ಇಟ್ಟೆ. ರಾಂಜಣದ ತಳದಿಂದ ಇನ್ನೂ ಹುದುಗುತ್ತಿದ್ದುದನ್ನೇ ತುಂಬಿದ್ದೆನೆಂದು ಕಾಣುತ್ತದೆ. ಮರುದಿನ ಬಿಸಿಲೇರಿದ ಹೊತ್ತಿಗೆ ಕಪಾಟಿನೊಳಗೆ ಪಟಾಕಿ ಹಾರಿದಂತಾಯಿತು. ಬಿರಡೆ ಸಿಡಿದು, ಜನನ ಮರಣದ ದಫ್ತರಗಳ ಮೇಲೆಲ್ಲ ಮೀನಿನ ನೀರು. ಗುಮಾಸ್ತರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ಇನ್ನೊಂದನ್ನು ನಾನೇ ಹೆದರಿ ಬಾವಿಯ ಹತ್ತಿರ ಒಯ್ದು ಬಿರಡೆ ಸಡಿಲಿಸಿದೆ. ಅಲ್ಲಿಗೆ ಅದರ ಮುದ್ರೆಯೂ ಹೋಯಿತು. ಮೂರನೆಯದು ಅವಳ ಹತ್ತಿರ. ಅದನ್ನು ಕೇಳಲು ನನಗೆ ಮುಖವಿರಲಿಲ್ಲ.

ಇನ್ನು ಉಳಿದದ್ದು ಉಂಡವರ ಬಾಯಿ. ವಾಂತಿ ಮಾಡಿಕೊಂಡವರಲ್ಲಿ ಊರಿನವರು ಯಾರೂ ಸರಿಯಾಗಿ ಹೇಳಲಿಲ್ಲ; ಹೇಳುವ ಮೊದಲೇ ಎಲ್ಲರಿಗೂ ನಾಯಿ ಗೊತ್ತಿತ್ತು. ಪರವೂರಿನವರು ಇಬ್ಬರಿದ್ದರು, ಇಬ್ಬರೂ ಕಚೇರಿ ಕೆಲಸಕ್ಕೆಂದು ಬಂದವರು. ಭಾಲ್ಕಿಯ ಒಬ್ಬ ಶಾಲಾ ಮಾಸ್ತರರು, ಔರಾದದ ಒಬ್ಬ ಕಿರಾಣಿ ವ್ಯಾಪಾರಿ. ಬೀದರದ ಗಾಳಿ ತಾಗದವರನ್ನು ಕೇಳಿ ನೋಡೋಣ ಎಂದು ಮುಂಜಾನೆಯ ರೈಲಿಗೆ ಭಾಲ್ಕಿಗೆ ಹೋದೆ.

ಮಾಸ್ತರರು ಹೊರಸಿನ ಮೇಲೆ ಒರಗಿ ಗಂಜಿ ಕುಡಿಯುತ್ತಿದ್ದರು. ನಾನು ಒಂದೊಂದಾಗಿ ಕೇಳಿದೆ. ಮಾಂಸ ಉಂಡಿರೇನು? ಇಲ್ಲ. ಶ್ಯಾವಿಗೆ? ಇಲ್ಲ.

"ಹುಳಿ ಸಾರು ಉಂಡೇನ್ರಿ, ಮೀನು ಹಾಕಿದ್ದು. ಕೆಲಸ ಮುಗಸಿ ಹೋಗೂದ್ರಾಗ ಹೊತ್ತಾಗಿತ್ತು, ಕಡೀ ಗಿರಾಕಿ ನಾನ. ದೇಗಚಿ ತಳದಾಗಿಂದು ಬಳದು ಹಾಕಿದ್ರು. ರುಚಿ ಇತ್ತು, ಸುಳ್ಳ ಯಾಕ ಹೇಳೂದು. ಎರಡ ಸಲ ಹಾಕಸ್ಕೊಂಡೆ."

"ಆ ಬಾಟ್ಲಿದು?"

"ಅದೂ ಬೇಡಿ ಹಾಕಸ್ಕೊಂಡೆ. ಟೇಸನ್ ಮುಟ್ಟೂದ್ರಾಗ ಶುರು ಆತು ನೋಡ್ರಿ. ಬಾಯಾಗ ಹಳೇ ರೊಕ್ಕ ಇಟ್ಕೊಂಡಂಗ. ಮುಂದ ವಾಂತಿನೋ ವಾಂತಿ. ಆ ಚೀನಿಬಾಯಿಗಿ ನೀವು ಬಿಡಬ್ಯಾಡ್ರಿ. ನಾ ಬಂದು ಸಾಕ್ಷಿ ಹೇಳ್ತೇನಿ."

ಬಾಟಲಿ, ಬಾಟಲಿ, ಬಾಟಲಿ ಎಂದು ನನ್ನ ತಲೆಯಲ್ಲಿ ಕುಣಿಯುತ್ತಿದ್ದುದರಿಂದ ರೊಕ್ಕದ ಮಾತನ್ನು ನಾನು ಹಿಡಿಯಲಿಲ್ಲ. ಕೊಳೆತ ಮೀನಿಗೆ ಯಾವ ರುಚಿ ಇದ್ದೀತೋ ಎಂದುಕೊಂಡೆ.

ಭಾಲ್ಕಿಯಿಂದ ತಿರುಗಿ, ಮರುದಿನ ಬಸ್ಸು ಹಿಡಿದು ಸಂತಪುರದ ಮೇಲಿಂದ ಔರಾದಕ್ಕೆ ಹೋದೆ. ವ್ಯಾಪಾರಿಗಳು ಅಂಗಡಿಯಲ್ಲೇ ಸಿಕ್ಕರು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಕರಡಿಗೆ. ವಿಷಯ ಎತ್ತುತ್ತಲೇ ಮುಖ ಬಿಗಿದುಕೊಂಡರು.

"ನಾವು ಲಿಂಗಾ ಕಟ್ಟಿದ ಮಂದಿ, ದರೋಗಾ ಸಾಹೇಬ್ರ. ಮೀನಾ ಮಾಂಸಾ ಬೇಯೂ ಖಾನಾವಳಿಗಿ ನಾವ್ಯಾಕ ಹೋಗೂಣು? ಯಾರೋ ನಿಮಗ ತಪ್ಪ ಹೇಳ್ಯಾರ."

ಅಂಗಡಿಯ ಹಿಂದೆಯೇ ಮನೆ. ಪರದೆಯ ಆಚೆಯಿಂದ ಅವರ ತಾಯಿಯ ದನಿ ಬಂತು: "ಹಂಗಾರ ಅವತ್ತ ಬಸ್ಸಿನ ಕಿಡಕ್ಯಾಗಿಂದ ತಲಿ ಒಳಗ ತಗೊಳ್ಳಲಾರದ ಬಂದಾಂವ ಯಾರೊ? ಕಂಡಕ್ಟರ ಊರಿಗೆಲ್ಲ ಹೇಳ್ಯಾನ."

ವ್ಯಾಪಾರಿಗಳು ನನ್ನನ್ನು ಎಬ್ಬಿಸಿಕೊಂಡು ಹಿಂದಿನ ಓಣಿಗೆ ಕರೆದೊಯ್ದರು. ಅತ್ತಿತ್ತ ನೋಡಿದರು.

"ನನ್ನ ಹೆಸರು ಕಾಗದದಾಗ ಬರಬಾರದು. ಮಾತು ಕೊಡ್ರಿ."

ಕೊಟ್ಟೆ.

"ಹವಾಲ್ದಾರ ನಮ್ಮ ತಾಲೂಕಿನಾಂವ, ಹೊತ್ತ ಇಳಿದಿತ್ತು, ಹಸಿವ್ಯಾಗಿತ್ತು, ಹ್ವಾದೆ. ಬರೇ ಹುಣಸಿ ಸಾರು ಹಾಕಸ್ಕೊಂಡೆ. ಸಾರು ಬ್ಯಾರೆ ಇರ್ತದ, ಮೀನು ಬ್ಯಾರೆ ಇರ್ತದ, ನಾ ಕೇಳಿ ನೋಡಿನ ಉಂಡೇನಿ. ಆ ಬಾಟ್ಲಿ ಹತ್ರಕ್ಕೂ ತರಗೊಡಲಿಲ್ಲ."

"ಒಂದ ಹನಿಯೂ ಇಲ್ಲ?"

"ಲಿಂಗದ ಆಣಿ. ಬರೇ ಸಾರು, ರೊಟ್ಟಿ. ಆದರೂ ನೋಡ್ರಿ, ಬಾಯಿ ಹ್ಯಾಂಗಾತು ಅಂದ್ರ, ಬೆಳಗಲಾರದ ತಂಬಗಿ ನೆಕ್ಕಿದಂಗ."

ತಿರುಗಿ ಬರುವ ಬಸ್ಸಿನಲ್ಲಿ ನನ್ನ ತಲೆಯೊಳಗೆ ಎರಡು ಬಾಯಿಗಳು ಒಂದಾದವು. ಮಾಸ್ತರರು ರೊಕ್ಕ ಅಂದಿದ್ದರು, ಇವರು ತಂಬಿಗೆ ಅಂದರು. ಮೀನೂ ಅಲ್ಲ, ಬಾಟಲಿಯೂ ಅಲ್ಲ. ಇಬ್ಬರೂ ಉಂಡದ್ದು ಹೊತ್ತಿಳಿದ ಮೇಲೆ ಉಳಿದ ಹುಳಿ ಸಾರು. ಬೆಳಿಗ್ಗೆ ಮಾಡಿದ್ದು ಅಲ್ಲಿಯವರೆಗೆ ಯಾವುದರಲ್ಲಿ ನಿಂತಿತ್ತು? ದೇಗಚಿಯಲ್ಲಿ. ಗಿರಾಕಿ ಹೆಚ್ಚಾಗಿ ಮಣ್ಣಿನ ಗಡಿಗೆಗಳು ಸಾಲದೆ ಹವಾಲ್ದಾರ ಗಂಜ್ ಪೇಟೆಯಲ್ಲಿ ದೊಡ್ಡ ತಾಮ್ರದ ದೇಗಚಿ ಕೊಂಡಿದ್ದನ್ನು ಊರೇ ನೋಡಿತ್ತು. ನಾನೂ ಅವತ್ತು ಒಲೆಯ ಮೇಲೆ ಅದನ್ನು ನೋಡಿದ್ದೆ, ಮಸಿ ಹಿಡಿದ ಹೊರಮೈ ಮಾತ್ರ. ಆದರೆ ಈ ಎಲ್ಲ ವಿಚಾರಕ್ಕೂ ಆಧಾರ ಒಬ್ಬನೇ ಮನುಷ್ಯ, ಅವನ ಹೆಸರು ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಬರೆಯಬಹುದಾದ ಸಾಕ್ಷಿ ಮಾಸ್ತರರದು, ಅದು ಬಾಟಲಿಯತ್ತಲೇ ಬೆರಳು ತೋರಿಸುತ್ತಿತ್ತು.

ಬಸ್ಸಿಳಿದು ಚೌಬಾರಾದ ಕಡೆ ಬಂದರೆ ಖಾನಾವಳಿಯ ಮುಂದೆ ಜನ. ಸೋಮವಾರಕ್ಕೆ ಕಾಯದೆ ಸಾಹೇಬರು ಹುಕುಂ ಕೊಟ್ಟುಬಿಟ್ಟಿದ್ದರು. ಸೀಸೆ ಸಿಡಿದದ್ದು ಅವರ ಕಿವಿಗೂ ಬಿದ್ದಿತ್ತು. ಅಂಥದ್ದನ್ನು ಇನ್ನೊಂದು ದಿನ ಇಡಬಾರದು ಎಂದರಂತೆ. ನನ್ನ ಕೈಕೆಳಗಿನ ಸಫಾಯಿಯವರು ಹಾರೆ ಹಿಡಿದುಕೊಂಡು ಹಿತ್ತಲಿನ ಬಾಗಿಲಲ್ಲಿ ನಿಂತಿದ್ದರು. ರಾಂಜಣಕ್ಕೆ ಬೆನ್ನು ಹಚ್ಚಿ ಅವಳು ಕೂತಿದ್ದಳು. ಹವಾಲ್ದಾರ ಏಳು ಅನ್ನುತ್ತಿದ್ದ, ಅವಳು ಏಳಲಿಲ್ಲ.

ಕೈಯಲ್ಲಿ ಆಧಾರ ಇಲ್ಲ, ಮೇಲೆ ಹುಕುಂ ಇದೆ. ಒಡೆಸಿಬಿಟ್ಟರೆ ನನ್ನ ಮೇಲೆ ಏನೂ ಬರುವುದಿಲ್ಲ. ಈ ಕುಟುಂಬ ಸಂತಪುರಕ್ಕೆ ಹೋಗುತ್ತದೆ, ಊರು ತನ್ನ ನಾಯಿಯ ಕಥೆ ಇಟ್ಟುಕೊಂಡು ತೃಪ್ತಿಯಾಗಿರುತ್ತದೆ. ಒಡೆಸದಿದ್ದರೆ ದರೋಗಾನ ಕೈ ಬೆಚ್ಚಗಾಗಿದೆ ಎಂದು ನಾಳೆ ಚಹಾದ ಅಂಗಡಿಯಲ್ಲಿ ಮಾತಾಗುತ್ತದೆ.

"ಹಾರಿ ಕೆಳಗ ಇಡ್ರಿ," ಅಂದೆ. "ಸಾಹೇಬರಿಗಿ ಹೋಗಿ ಹೇಳ್ರಿ, ದರೋಗಾ ನಿಂದರಸ್ಯಾನ, ಜವಾಬ್ದಾರಿ ಅವಂದು ಅಂತ."

ಅವರು ಹೋದರು. ನಾನು ಅಡಿಗೆಮನೆಯತ್ತ ನಡೆದೆ, ಹವಾಲ್ದಾರ ಮತ್ತೆ ಅಡ್ಡ ಬಂದ.

"ಹವಾಲ್ದಾರ, ಒಳಗ ಏನ ಮುಚ್ಚಿಟ್ಟಿ ನೀ?"

ಅವನು ದನಿ ತಗ್ಗಿಸಿದ. "ಒಳಗ ಏನಿಲ್ರಿ. ಆಕೀಗಿ ಕಾಗದಾ ಇಲ್ರಿ. ಫೌಜಿನ ಜಹಾಜಿನ್ಯಾಗ ಬಂದಾಕಿ. ಹೊಸ ಸರಕಾರ ಬಂದದ, ಯಾರರ ಕೇಳ್ತಾರ, ಎಲ್ಲಿಂದ ಬಂದಿ, ಯಾರ ಬಿಟ್ರು ಅಂತ."

ಮುದ್ರೆ ಸರಿಯಿದ್ದ ಮಾಂಸವನ್ನು ತೋರಿಸುವಾಗಲೂ ಅವನು ಬೆವರಿದ್ದು ಇದಕ್ಕೆ.

"ನನ್ನ ಖಾತೆಯೊಳಗ ಬರೂದು ಅನ್ನಾ, ನೀರು, ಗಟಾರ," ಅಂದೆ. "ಮನುಷ್ಯಾರು ಎಲ್ಲಿಂದ ಬಂದ್ರು ಅನ್ನೂದು ಬರೂದಿಲ್ಲ. ದೇಗಚಿ ತೋರಸು."

ಅವನು ಹೆಂಡತಿಯ ಕಡೆ ನೋಡಿದ. ಅವಳು ಎದ್ದು, ನನಗಿಂತ ಮುಂದೆ ಒಳಗೆ ಹೋಗಿ, ಬೋರಲು ಹಾಕಿದ್ದ ದೇಗಚಿಯನ್ನು ಎರಡೂ ಕೈಯಿಂದ ಎತ್ತಿ ಬಾಗಿಲ ಬೆಳಕಿಗೆ ತಂದಳು. ಅವಳ ಮುಖದಲ್ಲಿ ಒಂದು ಗರ್ವವಿತ್ತು. ಅಷ್ಟು ಸ್ವಚ್ಛವಾದ ಪಾತ್ರೆಯನ್ನು ನನ್ನ ಕೆಲಸದಲ್ಲಿ ನಾನು ಕಂಡಿರಲಿಲ್ಲ. ಒಳಗೆಲ್ಲ ಕೆಂಪಗೆ, ಆಗಷ್ಟೇ ಬಡಿದು ತಂದ ತಾಮ್ರದಂತೆ ಹೊಳೆಯುತ್ತಿತ್ತು. ಒಂದು ಚೂರೂ ಕಲಾಯಿ ಇರಲಿಲ್ಲ.

ಗಲ್ಲೆಯಿಂದ ಎದ್ದು ಬಂದಿದ್ದ ಮುದುಕಿ ಬಗ್ಗಿ ನೋಡಿದಳು. "ಕಲಾಯಿ ಎಲ್ಲಿ ಹ್ವಾತು? ತರೂ ಮುಂದ ನಾನ ನಿಂತು ಹಾಕಸೇನಿ."

"ಬಿಳೀ ಹೊಲಸು?" ಅಂದಳು ಸೊಸೆ. "ನಾ ತಿಕ್ಕಿ ತಗದೆ. ಇಟ್ಟಂಗಿ ಪುಡಿ, ಹುಣಸಿಹಣ್ಣು. ಭಾಳ ಗಟ್ಟಿ ಇತ್ತು. ದಿನಾ ದಿನಾ ತಿಕ್ಕಿ ತಗದೆ."

ಮುದುಕಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. "ನನ್ನ ಸೊಸಿ ಹ್ಯಾಂಗ ತಿಕ್ಕತಾಳ ನೋಡ್ರಿ ಅಂತ ಓಣಿಗೆಲ್ಲ ಹೇಳ್ಕೊಂತ ತಿರಗೇನಲ್ಲೊ ಯಪ್ಪಾ."

ಅವಳ ನಾಡಿನಲ್ಲಿ ಅವಳ ಮನೆಯಲ್ಲಿ ಅಡಿಗೆಯೆಲ್ಲ ಮಣ್ಣಿನ ಪಾತ್ರೆಯಲ್ಲಿ. ಹುಳಿ ತಾಗಿ ತಾಮ್ರ ಕಿಲುಬು ಬಿಡಬಾರದೆಂದು ಒಳಗೆ ತವರ ಬಳಿಯುತ್ತಾರೆ ಎಂಬುದನ್ನು ಅವಳಿಗೆ ಯಾರು ಹೇಳಬೇಕು? ನಮ್ಮ ಮನೆಗಳಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಹುಟ್ಟಿದಾಗಿಂದ ನೋಡಿಯೇ ಗೊತ್ತಿರುತ್ತದೆ.

ಅಷ್ಟರಲ್ಲಿ ಸಾಹೇಬರೇ ಬಂದರು. ಹುಕುಂ ತಡೆದ ಸಿಟ್ಟು ಮುಖದ ಮೇಲೆ ಹಾಗೇ ಇತ್ತು. ನಾನು ದೇಗಚಿಯನ್ನು ಅವರತ್ತ ವಾಲಿಸಿದೆ. ನೋಡಿದರು. ಬೆರಳಾಡಿಸಿದರು. ನಾನು ಬಯ್ಗುಳಕ್ಕೆ ಸಿದ್ಧನಾಗಿ ನಿಂತಿದ್ದೆ.

"ಎರಡ್ಮೂರು ಕಬ್ಬಿಣದ ಮೊಳೆ ತರ್ಸಿ," ಅಂದರು. "ಮರಳಲ್ಲಿ ಚೆನ್ನಾಗಿ ಉಜ್ಜಿ. ಆಯಮ್ಮನಿಗೆ ಹೇಳಿ, ದಿನಾ ಮಾಡೋ ಹಾಗೇ ಸಾರು ಮಾಡ್ಲಿ. ಅರ್ಧ ಇದರಲ್ಲಿ, ಅರ್ಧ ಮಣ್ಣಿನ ಗಡಿಗೇಲಿ."

ಪ್ರಯೋಗಶಾಲೆ ಬೆಂಗಳೂರಿನಲ್ಲಿ ಇರಲಿ ಹೈದರಾಬಾದಿನಲ್ಲಿ ಇರಲಿ, ಸಾಹೇಬರು ಕೋಟು ಬಿಚ್ಚಿ ಖಾನಾವಳಿಯ ಬೆಂಚಿನ ಮೇಲೆ ಕೂತುಬಿಟ್ಟರು. ಅವಳು ಹುಣಸೆಹಣ್ಣು ಕಿವುಚಿದಳು, ಬೆಂಡಿಕಾಯಿ ಕೊಯ್ದಳು. ಸಾರು ಕುದಿದು, ಇಳಿದು, ಆರಿತು. ದೇಗಚಿಯಲ್ಲಿ ಒಂದು ಮೊಳೆ, ಗಡಿಗೆಯಲ್ಲಿ ಒಂದು, ಆ ರಾಂಜಣದ ನೀರಿನ ಬಟ್ಟಲಲ್ಲಿ ಒಂದು ಇಳಿಬಿಟ್ಟರು. ಮಧ್ಯಾಹ್ನವೆಲ್ಲ ಕಾದೆವು. ಹೊತ್ತು ಇಳಿಯುವಾಗ ಎತ್ತಿದರೆ, ಗಡಿಗೆಯದೂ ರಾಂಜಣದ್ದೂ ಕಪ್ಪಗೆ ಮಂಕಾಗಿದ್ದವು. ದೇಗಚಿಯ ಮೊಳೆ ತಾಮ್ರದ ಮೊಳೆಯಾಗಿ ಹೊರಗೆ ಬಂತು. ಸಾರಿನಲ್ಲಿ ಇಳಿದ ತಾಮ್ರವೆಲ್ಲ ಕಬ್ಬಿಣದ ಮೇಲೆ ಕೂತಿತ್ತು.

"ಜಾಡೀದಲ್ಲ ಬಿಡಿ, ಪಾತ್ರೇದು," ಅಂದರು ಸಾಹೇಬರು. ಆಮೇಲೆ ನನ್ನ ಕಡೆ ತಿರುಗಿ, "ಹುಕುಂ ತಡೆಯೋವಾಗ ಮುಂಚೆ ಒಂದು ಮಾತು ಹೇಳಿ ಕಳಿಸ್ರೀ," ಅಂದರು. ವರದಿಯಲ್ಲಿ ವ್ಯಾಪಾರಿಯ ಹೆಸರು ಬೇಕಾಗಲೇ ಇಲ್ಲ. ಮೂರು ಮೊಳೆಗಳನ್ನು ಕಾಗದಕ್ಕೆ ಚುಚ್ಚಿ ಕಳಿಸಿದೆವು.

ಕಲಾಯಿ ಹಾಕಿಸಿದ ಮೇಲೆಯೇ ಒಲೆ ಹಚ್ಚಬೇಕೆಂದು ಷರತ್ತು. ಕಲಾಯಿಯವನು ಓಣಿಯಲ್ಲೇ ಕುಣಿ ತೋಡಿ ತಿದಿ ಹೂಡಿದ. ಕಾದ ದೇಗಚಿಗೆ ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ, ಅರಳೆಯಿಂದ ಒಂದೇ ಸುತ್ತು ಒರೆಸಿದನೆಂದರೆ ಒಳಗೆಲ್ಲ ಬೆಳ್ಳಿ. ಅವಳು ಬಾಗಿಲಲ್ಲಿ ನಿಂತು, ಬಿಡಿಸಲಾಗದ ಅನುಮಾನದಿಂದ ನೋಡುತ್ತಿದ್ದಳು. "ಮತ್ತ ಅದ ಬಿಳೀದು," ಎಂದು ಅತ್ತೆಗೆ ಹೇಳಿದಳು. "ಮುಟ್ಟೀದಿ ಅಂದ್ರ ಕೈ ಮುರೀತೇನಿ," ಅಂದಳು ಅತ್ತೆ.

ಖಾನಾವಳಿ ತೆರೆಯಿತು. ಯಾರೂ ಬರಲಿಲ್ಲ. ಮೊಳೆಯ ಕಥೆ ಕಚೇರಿಯಲ್ಲಿ ನಿಂತಿತು, ನಾಯಿಯ ಕಥೆ ಊರೆಲ್ಲ ಓಡಾಡುತ್ತಿತ್ತು. ಚಹಾದವನು ನನ್ನನ್ನು ಕಂಡಾಗೊಮ್ಮೆ, "ನಾಯಿಗೂ ಕಲಾಯಿ ಹಾಕಸ್ಯಾರೇನ್ರಿ ಸಾಹೇಬ್ರ?" ಅನ್ನುತ್ತಿದ್ದ. ಶ್ಯಾವಿಗೆಯ ಹಾಳೆಗಳು ಸಂಜೆಗೆ ಒಣಗಿ ಸೆಟೆಯುತ್ತಿದ್ದವು. ಹವಾಲ್ದಾರ ಲಾರಿಯ ಕೆಲಸ ಕೇಳಿಕೊಂಡು ಗಂಜ್ ಪೇಟೆಯ ಕಡೆ ಹೋಗಿ ಬಂದನೆಂದು ತಿಳಿಯಿತು. ನಾನು ಭಾಲ್ಕಿಗೆ ಮತ್ತೊಂದು ಸಲ ಹೋಗಿ ಮಾಸ್ತರರಿಗೆ ಕೆಂಪು ಮೊಳೆಯ ವಿಷಯ ಹೇಳಿ, ಸಾಕ್ಷಿ ಹೇಳುವುದಾದರೆ ಈಗ ಬನ್ನಿ ಅಂದೆ. ಅವರು ಶಾಲೆಗೆ ಹೊತ್ತಾಯಿತೆಂದು ಟೊಪ್ಪಿಗೆ ಹಾಕಿಕೊಂಡು ಹೊರಟುಬಿಟ್ಟರು.

ಆದರೆ ಬಂದರು. ಮುಂದಿನ ಸಲ ಕಚೇರಿ ಕೆಲಸಕ್ಕೆ ಬಂದವರು ನೇರ ಖಾನಾವಳಿಗೆ ನಡೆದರು. ವಾಂತಿ ಮಾಡಿಕೊಂಡ ಮಾಸ್ತರರು ಬಂದಾರ ಎಂದು ಜಗಳ ನೋಡಲು ಜನ ಸೇರಿತು, ಚಹಾದವನು ಎಲ್ಲರಿಗಿಂತ ಮುಂದೆ. ನಾನೂ ಹೋಗಿ ಬೆಂಚಿನ ತುದಿಗೆ ಕೂತೆ. ಪುಕ್ಕಟೆ ಉಂಡ ಅಂದರೆ ಅನ್ನಲಿ.

ಮಾಸ್ತರರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ದೊಡ್ಡ ದನಿಯಲ್ಲಿ ಹೇಳಿದರು: "ಹುಳಿ ಸಾರು ಉಣ್ತೇನಿ. ಮೊದಲ ದೇಗಚಿ ತೋರಸ್ರಿ."

ಹವಾಲ್ದಾರ ಒಳಗೆ ಹೋದ. ಹೊರಗೆ ಬಂದವಳು ಅವಳು. ಗಿರಾಕಿಗಳ ಮುಂದೆ ಅವಳು ಬಂದದ್ದನ್ನು ಅದೇ ಮೊದಲು ಕಂಡೆವು. ದೇಗಚಿಯನ್ನು ಮಾಸ್ತರರ ಮೂಗಿನ ತನಕ ತಂದು ವಾಲಿಸಿ ಹಿಡಿದಳು. ಅವರು ಬಗ್ಗಿ ನೋಡಿದರು, ಬೆಳಕಿಗೆ ತಿರುಗಿಸಲು ಹೇಳಿ ಮತ್ತೆ ನೋಡಿದರು, ಒಳಗೆ ಬೆರಳೆಳೆದು ಬೆರಳನ್ನೂ ನೋಡಿದರು.

"ಹಾಂ. ಹಾಕ್ರಿ."

ಅವಳು ದೇಗಚಿಯನ್ನು ಗಂಡನ ಕೈಗೆ ಕೊಟ್ಟಳು. ಅಲ್ಲಿಂದ ಕದಲಲಿಲ್ಲ.

"ನಾ ತೋರಸ್ದೆ," ಅಂದಳು. "ಈಗ ನೀವು ಕೈ ತೋರಸ್ರಿ."

ಮಾಸ್ತರರು ಎರಡೂ ಅಂಗೈ ಮುಂದೆ ಹಿಡಿದರು. ಮಸಿ, ಹಲಗೆಯ ಮೇಲೆ ಬರೆವ ಖಡುವಿನ ಪುಡಿ, ಉಗುರಿನ ಸಂದಿಯಲ್ಲಿ ತಂಬಾಕು. ಅವಳು ನೀರಿನ ಹಂಡೆಯ ಕಡೆ ಕಣ್ಣು ತೋರಿಸಿದಳು. ಮಾಸ್ತರರು ಎದ್ದು ಹೋಗಿ, ಶಾಲೆಯ ಹುಡುಗರಂತೆ, ಮೊಣಕೈ ತನಕ ತೊಳೆದು ಬಂದರು. ಅವರ ಹಿಂದೆ ನಾನೂ ಎದ್ದೆ. ಬಾಗಿಲಲ್ಲಿ ನಿಂತಿದ್ದ ಒಬ್ಬಿಬ್ಬರು, ನಗುತ್ತಲೇ, ನನ್ನ ಹಿಂದೆ ಬಂದು ನಿಂತರು.

ಚಹಾದವನು ಹೊಸ್ತಿಲಲ್ಲೇ ಉಳಿದ. ಅವಳು ಅವನ ಕಡೆ ತಿರುಗುತ್ತಲೇ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.